ಮುಸುಕು ಹಾಕಿದ ಮಗ್ಗ

ಮಗಳಿಗೆ ಹೆರಿಗೆಯ ಬೇನೆ ಹತ್ತಿದೆ ಎಂದು ಗೊತ್ತಾದ ಕೂಡಲೇ ಲಗಮವ್ವ ಒಲೆಯ ಮೇಲಿನ ಎಸರನ್ನೂ ಮರೆತು ಪಡಸಾಲೆಗೆ ಬಂದು ಗಂಡನ ಮಗ್ಗ ನಿಲ್ಲಿಸಿದಳು.

"ಸಾಕ್ರಿ. ಮ್ಯಾಲೇಳ್ರಿ," ಎಂದಳು.

ನೀಲಕಂಠಪ್ಪ ಮಗ್ಗದ ಕುಣಿಯೊಳಗೆ ಕಾಲಿಳಿಬಿಟ್ಟು ಕೂತಿದ್ದ. ಎಡಗೈ ನೂಲು ಒತ್ತುವ ಹಲಗೆಯ ಮೇಲಿತ್ತು, ಬಲಗೈಯಲ್ಲಿ ಲಾಳಿ ಓಡಿಸುವ ಹಗ್ಗ. ಯಾಕೆಂದು ಅವನು ಕೇಳಲಿಲ್ಲ. ಮಗಳು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದ ಮೂಲೆಯ ಕಡೆ ಒಮ್ಮೆ ನೋಡಿದ. ಅನಸವ್ವ ರಾಟೆಯ ಹಿಡಿಕೆ ಬಿಟ್ಟು ಎರಡೂ ಕೈಯಿಂದ ನೆಲ ಹಿಡಿದಿದ್ದಳು. ಅವನು ಮೇಲೆ ಬಂದು, ಗೂಟಕ್ಕೆ ಹಾಕಿದ್ದ ಹಚ್ಚಡ ತೆಗೆದು, ಅರ್ಧ ನೇಯ್ದ ಸೀರೆಯ ಮೇಲೆ ಈ ತುದಿಯಿಂದ ಆ ತುದಿಗೆ ಹೊದಿಸಿದ. ಆಮೇಲೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ.

ಬನಹಟ್ಟಿಯ ಆ ಓಣಿಯಲ್ಲಿ ಇದನ್ನು ಯಾರೂ ಕೇಳಿ ಮಾಡುತ್ತಿರಲಿಲ್ಲ. ಹೆಣ್ಣುಮಗಳಿಗೆ ಬೇನೆ ಬಂತೆಂದರೆ ಮನೆಯ ಗಂಟುಗಳನ್ನೆಲ್ಲ ಬಿಚ್ಚಬೇಕು. ಜೋಳದ ಚೀಲದ ಬಾಯಿ ಬಿಚ್ಚಬೇಕು, ಪೆಟ್ಟಿಗೆಯ ಬೀಗ ತೆಗೆಯಬೇಕು, ಹೆಂಗಸರು ತುರುಬು ಇಳಿಬಿಡಬೇಕು. ಮನೆಯ ಗಂಟು ಬಿಚ್ಚಿದ ಹಾಗೆ ಒಳಗಿನ ಗಂಟೂ ಸಡಿಲುತ್ತದೆ ಎಂಬ ನಂಬಿಕೆ. ಮಗ್ಗವೊಂದನ್ನು ಮಾತ್ರ ಬಿಚ್ಚುವಂತಿಲ್ಲ. ಹಳೆಯ ಹಾಸಿನ ಎಳೆಗೆ ಹೊಸ ಹಾಸಿನ ಎಳೆ ಗಂಟು ಹಾಕಿ ಕೆಚ್ಚಿ ಹೂಡಿದ ಮಗ್ಗವೆಂದರೆ ಇಡೀ ಗಂಟುಗಳದ್ದೇ ಮೈ. ಅದಕ್ಕಾಗಿ ಅದಕ್ಕೆ ಮುಸುಕು ಹಾಕುವುದು. ಹೆತ್ತು ಮುಗಿಯುವ ತನಕ ಲಾಳಿ ಓಡಬಾರದು, ಹಲಗೆ ಬಡಿಯಬಾರದು.

ಉಳಿದವರ ಮನೆಯಲ್ಲಿ ಇದು ಬರೀ ಪದ್ಧತಿ. ಲಗಮವ್ವನಿಗೆ ಹಾಗಲ್ಲ. ತವರಿನಲ್ಲಿ ತಾಯಿ ಇಲ್ಲದ ಅವಳು ತನ್ನ ಚೊಚ್ಚಲನ್ನು ಗಂಡನ ಮನೆಯಲ್ಲಿ, ಇದೇ ಒಳಕೋಣೆಯಲ್ಲಿ ಹೆತ್ತಿದ್ದಳು. ಆ ದಿನ ಯಾರದೋ ಮದುವೆಯ ಸೀರೆ ಮಗ್ಗದ ಮೇಲಿತ್ತು. ಇನ್ನೊಂದು ಮೊಳ, ಇನ್ನೊಂದು ಗೇಣು ಎನ್ನುತ್ತ ನೀಲಕಂಠಪ್ಪ ನೇಯುತ್ತಲೇ ಇದ್ದ. ಹುಟ್ಟಿದ ಗಂಡುಕೂಸು ಉಸಿರಾಡಲಿಲ್ಲ. ಅತ್ತೆ ಪಡಸಾಲೆಗೆ ಬಂದು ಮಗನ ಮುಂದೆ ನಿಂತು, "ಹೊಕ್ಕ ಹಾಕಿ ಹಾಕಿ ಕೂಸಿನ ಹಾದಿ ಹೆಣೆದ ಮುಚ್ಚಿಬಿಟ್ಟಿ," ಎಂದಿದ್ದಳು. ಆಮೇಲೆ ಅನಸವ್ವ ಹುಟ್ಟುವಾಗ ಮಗ್ಗ ನಿಂತಿತ್ತು. ಅನಸವ್ವ ಬದುಕಿದಳು. ಲಗಮವ್ವನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ನಿನ್ನ ತಪ್ಪು ಎಂದು ಅವಳು ಗಂಡನಿಗೆ ಒಂದು ದಿನವೂ ಅಂದವಳಲ್ಲ, ತಪ್ಪಲ್ಲ ಎಂದೂ ಅಂದವಳಲ್ಲ.

ಸೂಲಗಿತ್ತಿ ಬೋರವ್ವ ಬಂದಳು. ಅನಸವ್ವ ಹುಟ್ಟುವಾಗ ಕೈಯಲ್ಲಿ ಹಿಡಿದವಳು ಅವಳೇ, ಆ ಓಣಿಯ ಅರ್ಧ ಮಂದಿಯನ್ನು ಹಿಡಿದವಳೂ ಅವಳೇ. ಹಲ್ಲು ಬಿದ್ದಿದ್ದವು, ಬೆರಳು ಮಾತ್ರ ಮೆತ್ತಗೆ, ಬೆಚ್ಚಗೆ ಇದ್ದವು.

"ಎಷ್ಟೊತ್ತಿಂದ ಬೇ, ಅನಸಿ?"

"ಮುಂಜಾನಿ ಎದ್ದಾಗಿಂದ, ಆಯಿ."

"ಹೇಳಬಾರದೇನ?"

"ಅಂಥಾದ್ದೇನ ಇರಲಿಲ್ಲ. ಬರತಿತ್ತು, ಹೋಗತಿತ್ತು. ಕಂಡಿಕಿ ಸುತ್ತಕೋತ ಕುಂತಿದ್ನಿ."

"ನೋಡ ಲಗಮಿ, ನಿನ್ನ ಮಗಳ ಗಟ್ಟಿ ಐದಾಳ. ನೀ ಈಕಿನ್ನ ಹಡಿಯೂಮುಂದ ನಿನ್ನ ಒದರಾಟಕ್ಕ ಹಳ್ಳದ ಆಚಿ ರಬಕವಿ ಮಂದಿ ಎದ್ದಿದ್ರು," ಎಂದು ಬೋರವ್ವ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿದಳು.

ಬೋರವ್ವನಿಗೆ ಹೆರುವ ಹೆಂಗಸನ್ನು ಮಲಗಿಸಿ ಇಡುವುದು ಸೇರುತ್ತಿರಲಿಲ್ಲ. ಅನಸವ್ವನ ತೋಳು ಹಿಡಿದು ಹಿತ್ತಲಲ್ಲಿ ಅಡ್ಡಾಡಿಸಿದಳು. ಬೇನೆ ಬಂದಾಗ ತನ್ನ ಹೆಗಲ ಮೇಲೆ ಎರಡೂ ಕೈ ಹಾಕಿಸಿಕೊಂಡು, ಸೊಂಟ ಆ ಕಡೆ ಈ ಕಡೆ ತೂಗಿಸಿದಳು. ಔಡಲೆಣ್ಣೆ ಬೆಚ್ಚಗೆ ಮಾಡಿ ಟೊಂಕಕ್ಕೆ ತಿಕ್ಕಿದಳು. ತೌಡನ್ನು ಹುರಿದು ಬಟ್ಟೆಯಲ್ಲಿ ಸುತ್ತಿ ಶಾಖ ಕೊಟ್ಟಳು. ಗಂಟು ಹಾಕಬಾರದೆಂದು ಬಟ್ಟೆಯ ತುದಿಗಳನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ಬಚ್ಚಲಲ್ಲಿ ಕೂರಿಸಿ ಲಗಮವ್ವನ ಕೈಯಿಂದ ಬೆನ್ನ ಮೇಲೆ ಬಿಸಿನೀರು ಸುರಿಸಿದಳು. ಅಜವಾನದ ನೀರು ಗುಟುಕು ಗುಟುಕಾಗಿ ಕುಡಿಸಿದಳು. ಕೋಣೆಯ ತೊಲೆಯ ಮೇಲೆ ಹಗ್ಗ ಹಾಯಿಸಿ ಎರಡೂ ತುದಿ ಇಳಿಬಿಟ್ಟು, ಬೇನೆ ಬಂದಾಗ ಜೋತುಬೀಳಲು ಹೇಳಿದಳು.

ಒಂದೊಂದರಿಂದಲೂ ಚೂರು ಹಾಯೆನಿಸುತ್ತಿತ್ತು. ಆದರೆ ಬೇನೆ ಬರುವ ಮೊದಲೇ ಅನಸವ್ವ ಹೆದರಿ ಗಟ್ಟಿಯಾಗುತ್ತಿದ್ದಳು. ಹೆಗಲು ಕಿವಿಗೆ ಹತ್ತುತ್ತಿದ್ದವು, ದವಡೆ ಬಿಗಿಯುತ್ತಿತ್ತು, ಉಸಿರು ಎದೆಯಲ್ಲೇ ನಿಲ್ಲುತ್ತಿತ್ತು. ಮುಂಜಾನೆ ಕಂಡಿಕೆ ಸುತ್ತುತ್ತ ಸುಮ್ಮನೆ ಕೂತಿದ್ದ ಹುಡುಗಿ ಇವಳೇನಾ ಎಂದು ಲಗಮವ್ವನಿಗೆ ಅನಿಸಿತು.

"ಉಸರ ಬಿಡ ನನ ಮಗಳ," ಎನ್ನುತ್ತಿದ್ದಳು ಬೋರವ್ವ. "ನೀ ಹಿಡಕೊಂಡ್ರ ಕೂಸೂ ಹಿಡಕೊಂತೈತಿ. ನಿಮ್ಮಪ್ಪನ ಹಟ ನಿನಗ ಬಂದೈತಿ, ನಿನ್ನ ಹಟ ಅದಕ್ಕ ಬಂದ್ರ ನಾವೆಲ್ಲಾ ಇಲ್ಲೇ ಮುದುಕ್ಯಾರಾಗಬೇಕ."

ಹೊತ್ತು ನೆತ್ತಿಗೆ ಬರುವಾಗ ರಬಕವಿಯಿಂದ ಬೀಗತಿ ಮುತ್ತವ್ವ ಬಂದಳು. ರಬಕವಿಗೂ ಬನಹಟ್ಟಿಗೂ ನಡುವೆ ಮಾತಾಡುತ್ತ ನಡೆದು ಹೋಗುವಷ್ಟೇ ದಾರಿ, ಅದು ಸಾಂಗಲಿ ದೊರೆಗಳದ್ದು, ಇದು ಜಮಖಂಡಿ ದೊರೆಗಳದ್ದು ಎಂಬುದಷ್ಟೇ ಅಂತರ. ಸುದ್ದಿ ಮುಟ್ಟಲು ಆ ಅಂತರವೂ ಇರಲಿಲ್ಲ. ತಲೆಯ ಮೇಲೊಂದು ಗಂಟು ಹೊತ್ತು ಹೊಸ್ತಿಲು ದಾಟುತ್ತಿದ್ದವಳಿಗೆ ಬೋರವ್ವ ಒಳಗಿನಿಂದಲೇ ಹೇಳಿದಳು:

"ಮೊದಲ ಗಂಟ ಬಿಚ್ಚ್ರೆವ್ವಾ, ಆಮ್ಯಾಲ ಒಳಗ ಬರ್ರಿ."

ಮುತ್ತವ್ವ ಬಾಗಿಲಲ್ಲೇ ಕೂತು ಬಿಚ್ಚಿದಳು. ಬೆಲ್ಲ, ಕೊಬ್ಬರಿ, ಬಾಣಂತಿಯ ಅಂಟಿನುಂಡಿಗೆ ಬೇಕಾದ ಅಂಟು.

"ಬೀಗತಿದು ಭಾರೀ ಅವಸರ," ಎಂದಳು ಬೋರವ್ವ. "ಹಡಿಯೂಕಿಂತ ಮೊದಲ ಉಂಡಿ ಕಟ್ಟಾಕ ಬಂದಾಳ."

"ನಮ್ಮ ಮನಿ ಕೂಸಿಗೆ ನಾವ ಬರದ ಯಾರ ಬರಬೇಕವ್ವಾ?" ಎಂದ ಮುತ್ತವ್ವ ಪಡಸಾಲೆಯ ಕಡೆ ನೋಡಿ, ಹಚ್ಚಡ ಹೊದ್ದ ಮಗ್ಗ ಕಂಡು ತಲೆಯಾಡಿಸಿದಳು. "ಛಲೋ ಮಾಡೀರಿ, ಲಗಮವ್ವಾರ. ನಿಮ್ಮ ಮನ್ಯಾಗ ಹಿಂದಕ ಏನೋ ಆಗಿತ್ತಂತ ಕೇಳಿದ್ನಿ. ಹಾದಿ ತುಂಬ ಅದ ಚಿಂತಿ ನನಗ."

ಲಗಮವ್ವ ಒಳಗೆ ಹೋದಳು.

ಮಧ್ಯಾಹ್ನ ಇಳಿಯಿತು. ಅನಸವ್ವನ ತುಟಿ ಒಣಗಿ ಬೆಳ್ಳಗಾಗಿತ್ತು. ಹಗ್ಗ ಹಿಡಿದು ಹಿಡಿದು ಅಂಗೈ ಕೆಂಪಾಗಿದ್ದವು. "ನನ್ನ ಕೈಲೆ ಆಗೂದಿಲ್ಲ ಯವ್ವಾ," ಎಂದಳು. ಮೆಲ್ಲಗೆ ಅಂದಳು. ಕೂಗಿ ಹೇಳಿದ್ದರೆ ಲಗಮವ್ವನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಬೋರವ್ವ ಅವಳನ್ನು ಬಾಗಿಲ ಹೊರಗೆ ಕರೆದಳು. ತಮಾಷೆ ಮಾಡಲಿಲ್ಲ.

"ಕೂಸ ಸರಿ ಐತಿ, ಹಾದೀನೂ ಸರಿ ಐತಿ. ಹುಡುಗಿ ಬಿಗಿ ಹಿಡದಾಳ. ಹಿಂಗ ಬಿಗಿ ಹಿಡದ್ರ ಸಂಜಿ ಆಗೂದ್ರಾಗ ತ್ರಾಣ ಮುಗೀತೈತಿ. ತ್ರಾಣ ಮುಗದಮ್ಯಾಲ ನನ್ನ ಕೈಯಾಗ ಏನೂ ಇಲ್ಲ ಲಗಮಿ."

"ಜಮಖಂಡಿ ದವಾಖಾನಿಗೆ ಒಯ್ಯೂಣೇನ?"

"ಚಕ್ಕಡಿ ಕುಲಕಾಟದಾಗ ನಡುಹಾದ್ಯಾಗ ಕೂಸ ಬಂದ್ರ ಏನ ಮಾಡ್ತಿ? ಆಕಿ ಮೈ ಸಡಿಲ ಆಗಬೇಕ. ಅದಕ್ಕ ಏನ ಮಾಡಬೇಕಂತ ನನಗ ತಿಳೀವಲ್ದ. ನನಗ ಬರೂದೆಲ್ಲಾ ಮಾಡೀನಿ."

ಲಗಮವ್ವ ಒಳಗೆ ಹೋಗಿ ಮಗಳ ಹಿಂದೆ ಕೂತು ಟೊಂಕದ ಮೇಲೆ ಅಂಗೈ ಇಟ್ಟಳು. ಎಣ್ಣೆ ಹಚ್ಚಿದ ಬೆನ್ನು ಮರದ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಮನೆಯಲ್ಲಿ ಸದ್ದೇ ಇರಲಿಲ್ಲ. ಇಷ್ಟು ಸದ್ದಿಲ್ಲದ ಮನೆಯನ್ನು ಅವಳು ಯಾವಾಗ ಕಂಡಿದ್ದಳೋ ನೆನಪಾಗಲಿಲ್ಲ. ಹಿತ್ತಲಲ್ಲಿ ಬಿಸಿಲಿಗೆ ಬೇವಿನ ಕಾಯಿ ಉದುರಿದ್ದೂ ಕೇಳುತ್ತಿತ್ತು.

ಆಗ ಪಕ್ಕದ ಮನೆಯಲ್ಲಿ ಮಗ್ಗ ಶುರುವಾಯಿತು.

ಪಕ್ಕದ ಮನೆ ಹಣಮಂತನದು, ನಡುವೆ ಒಂದೇ ಗೋಡೆ. ಮುಂಜಾನೆಯೇ ತೇರದಾಳಕ್ಕೆ ಹೋಗಿದ್ದವನು ಈಗ ತಾನೇ ಬಂದು, ಏನೂ ಗೊತ್ತಿಲ್ಲದೆ ಕೂತಿದ್ದ. ಖಟಕ್ ಎಂದು ಲಾಳಿ ಓಡುವುದು, ಧಪ್ ಎಂದು ಹಲಗೆ ಬಡಿಯುವುದು. ಖಟಕ್, ಧಪ್. ಲಗಮವ್ವ ಗಾಬರಿಯಿಂದ ನಿಲ್ಲಿಸು ಎಂದು ಕೂಗಲು ಬಾಯಿ ತೆರೆದಳು. ಬಾಯಿ ತೆರೆದೇ ಉಳಿಯಿತು. ಅಂಗೈ ಕೆಳಗಿನ ಬೆನ್ನು ಮೆತ್ತಗಾಗುತ್ತಿತ್ತು.

ಅನಸವ್ವ ಕಣ್ಣು ಮುಚ್ಚಿ ಗೋಡೆಗೆ ಹಣೆ ಕೊಟ್ಟಿದ್ದಳು. ಬೇನೆ ಬಂತು. ಹೆಗಲು ಮೇಲೇರಲಿಲ್ಲ. ಲಾಳಿ ಓಡುವಾಗ ಮೂಗಿನಿಂದ ಉಸಿರು ಎಳೆದಳು, ಹಲಗೆ ಬಡಿಯುವಾಗ ಬಾಯಿಂದ ಬಿಟ್ಟಳು. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಬೇನೆ ಏರಿತು, ಇಳಿಯಿತು. ಅವಳ ಗಂಟಲಿನಿಂದ ಹೊರಟದ್ದು ಒಂದು ಸಣ್ಣ ಹೂಂಕಾರ ಮಾತ್ರ.

ಹೊರಗೆ ಮುತ್ತವ್ವ ಹಿತ್ತಲಿಗೆ ಓಡಿ ಗೋಡೆಯಾಚೆ ಒದರಿದಳು:

"ಏ ಹಣಮಂತಾ, ಕಿವಿಗಿ ಹಂಜಿ ತುರಕೊಂಡಿಯೇನೋ? ಇಲ್ಲಿ ಹೆಣ್ಣಮಗಳ ಬ್ಯಾನಿ ತಿನ್ನಾಕತ್ತಾಳ, ಅಲ್ಲಿ ನೀ ಬಡ್ಯಾಕತ್ತಿ."

ಮಗ್ಗ ಥಟ್ಟನೆ ನಿಂತಿತು. "ತಪ್ಪಾತ್ರೆವ್ವಾ, ನನಗ ಗೊತ್ತ ಇರಲಿಲ್ಲ," ಎಂಬ ದನಿ ಬಂತು.

ಮುಂದಿನ ಬೇನೆಗೆ ಅನಸವ್ವ ಕಿರುಚಿದಳು. ಲಗಮವ್ವನ ಕೈ ಕೆಳಗೆ ಬೆನ್ನು ಮತ್ತೆ ಹಲಗೆಯಾಯಿತು.

ಬೋರವ್ವನೂ ಲಗಮವ್ವನೂ ಒಬ್ಬರ ಮುಖ ಒಬ್ಬರು ನೋಡಿದರು.

"ನಾ ಏನೂ ಹೇಳೂದಿಲ್ಲ," ಎಂದಳು ಬೋರವ್ವ. "ನಾ ನೇಕಾರ ಮನಿ ಹೆಣ್ಣಮಗಳಲ್ಲ. ನಿಮ್ಮ ಪದ್ಧತಿ ನಿಮಗ. ನನ್ನ ಕೈಗೆ ತಿಳದದ್ದು ನಿನ್ನ ಕೈಗೂ ತಿಳದೈತಿ."

ಲಗಮವ್ವನಿಗೆ ತೊಟ್ಟಿಲು ನೆನಪಾಯಿತು. ಅನಸವ್ವ ಕೂಸಾಗಿದ್ದಾಗ ತೊಟ್ಟಿಲು ಮಗ್ಗದ ಪಕ್ಕದಲ್ಲೇ ತೂಗುತ್ತಿತ್ತು. ಓಣಿಯಲ್ಲಿ ಡೊಳ್ಳು ಬಾರಿಸಿಕೊಂಡು ಮೆರವಣಿಗೆ ಹೋದರೂ ಏಳದ ಕೂಸು, ನೀಲಕಂಠಪ್ಪ ಊಟಕ್ಕೆ ಮೇಲೆದ್ದರೆ ಎದ್ದು ಅಳುತ್ತಿತ್ತು. ಎಷ್ಟು ಸಲ ತಾನೇ ರೊಟ್ಟಿ ತಟ್ಟುತ್ತ ಒಳಗಿನಿಂದ, "ಊಟ ಆಮ್ಯಾಲ, ಮೊದಲ ಮಗ್ಗಕ್ಕ ಕುಂದರ್ರಿ," ಎಂದು ಕೂಗಿದ್ದಳು. ಇವತ್ತು ಮುಂಜಾನೆಯೂ ಮಗಳು ಬೇನೆಯನ್ನು ಮಗ್ಗದ ಪಕ್ಕದಲ್ಲಿ ಕೂತೇ ತಡೆದುಕೊಂಡಿದ್ದಳು. ನಿಲ್ಲಿಸಿದವಳು ತಾನು.

ಆದರೆ ಅದೇ ಮಗ್ಗ ನಡೆಯುತ್ತಿದ್ದಾಗ ಇದೇ ಕೋಣೆಯಲ್ಲಿ ಉಸಿರಿಲ್ಲದ ಕೂಸನ್ನು ಬಟ್ಟೆಯಲ್ಲಿ ಸುತ್ತಿದ್ದರು. ಅದನ್ನೂ ಅವಳು ಮರೆತಿರಲಿಲ್ಲ.

ಇನ್ನೊಂದು ಬೇನೆ ಬಂತು. ಅನಸವ್ವ ಗೋಡೆಗೆ ಹಣೆ ಒತ್ತಿ, ಆಚೆ ಕಡೆಯ ಸದ್ದಿಗಾಗಿ ಹುಡುಕುವವಳಂತೆ ಕಿವಿ ಹಚ್ಚಿದಳು. ಅದನ್ನು ನೋಡಿ ಲಗಮವ್ವ ಎದ್ದಳು.

ಪಡಸಾಲೆಗೆ ಬಂದು ಮಗ್ಗದ ಮೇಲಿನ ಹಚ್ಚಡ ಎಳೆದಳು.

"ಏನ ಮಾಡಾಕತ್ತೀರಿ?" ಮುತ್ತವ್ವ ಅಡ್ಡ ಬಂದಳು. "ಬುದ್ಧಿ ನೆಟ್ಟಗೈತಿಲ್ಲೋ? ನಾಳಿ ಏನಾರ ಹೆಚ್ಚುಕಡಿಮಿ ಆದ್ರ ನಮ್ಮ ಹುಡುಗಗ ನಾ ಏನ ಹೇಳ್ಲಿ? ಯಾರ ಹೊಣಿ?"

"ನಾ," ಎಂದಳು ಲಗಮವ್ವ. ಹಚ್ಚಡ ಮಡಚಿ ಬೀಗತಿಯ ಕೈಗೆ ಕೊಟ್ಟಳು. ಮುತ್ತವ್ವ ಏನು ಮಾಡಬೇಕೋ ತಿಳಿಯದೆ ಅದನ್ನು ಎದೆಗೆ ಅವಚಿಕೊಂಡು ನಿಂತಳು.

ಕಟ್ಟೆಯ ಮೇಲೆ ನೀಲಕಂಠಪ್ಪ ಮುಂಜಾನೆ ಕೂತ ಹಾಗೆಯೇ ಕೂತಿದ್ದ. ಕೈ ಎರಡೂ ಮೊಣಕಾಲ ಮೇಲೆ ಅಂಗಾತ ಬಿದ್ದಿದ್ದವು. ಕೆಲಸವಿಲ್ಲದ ಆ ಕೈಗಳನ್ನು ನೋಡಿದರೆ ಬೇರೆ ಯಾರದ್ದೋ ಅನಿಸುತ್ತಿತ್ತು.

"ಮಗ್ಗಕ್ಕ ಕುಂದರ್ರಿ," ಎಂದಳು.

ಅವನು ತಲೆ ಎತ್ತಿದ. ಅರ್ಥವಾಗಲಿಲ್ಲ ಎನ್ನುವ ಹಾಗೆ ನೋಡಿದ.

"ಆಕಿಗೆ ಸಪ್ಪಳ ಬೇಕಾಗೈತಿ. ಹಣಮಂತ ನೇಯೂ ಹೊತ್ತಿನ್ಯಾಗ ಮೈ ಸಡಿಲಾತು. ನಿಂತ ಕೂಡಲೆ ಬಿಗೀತು. ನನ್ನ ಕೈಲೆ ನೋಡೀನಿ."

ನೀಲಕಂಠಪ್ಪ ತನ್ನ ಅಂಗೈಗಳನ್ನು ನೋಡಿಕೊಂಡ. "ಹಂಗಾರ ಹಣಮಂತಗ ಹೇಳು," ಎಂದ. "ನನ್ನ ಕೈಲೆ ಬ್ಯಾಡ. ಆವತ್ತ..." ಎಂದು ಅಲ್ಲಿಗೇ ನಿಲ್ಲಿಸಿದ.

ಇಷ್ಟು ವರ್ಷದಲ್ಲಿ ಅವನ ಬಾಯಿಂದ ಆ ಮಾತು ಬಂದದ್ದು ಇದೇ ಮೊದಲು. ಆ ಒಂದು ಮಾತನ್ನು ಅವನೂ ತನ್ನ ಹಾಗೆಯೇ ದಿನಾ ನುಂಗುತ್ತಿದ್ದ ಎಂದು ಲಗಮವ್ವನಿಗೆ ಆಗ ಕಂಡಿತು. ಅವಳು ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಆವತ್ತಿಂದು ಆವತ್ತಿಗೆ ಹೋತ್ರಿ. ಅದು ಮಗ್ಗದಿಂದ ಆತೋ, ಯಾತರಿಂದ ಆತೋ, ನನಗೂ ಗೊತ್ತಿಲ್ಲ, ನಿಮ್ಮವ್ವಗೂ ಗೊತ್ತಿರಲಿಲ್ಲ. ಇದು ಮಾತ್ರ ಗೊತ್ತೈತಿ. ಆಕಿ ನಿಮ್ಮ ಮಗ್ಗದ ಸಪ್ಪಳಕ್ಕ ಬೆಳದಾಕಿ, ಹಣಮಂತಂದಕ್ಕಲ್ಲ. ಏಳ್ರಿ."

ಅವನು ಎದ್ದ. ಕುಣಿಗೆ ಕಾಲಿಳಿಸಿ, ಮೆಟ್ಟುಗಳ ಮೇಲೆ ಪಾದ ಇಟ್ಟ. ಹಗ್ಗ ಎಳೆದ. ಲಾಳಿ ಅರ್ಧಕ್ಕೇ ಎಡವಿ ಕೆಳಗೆ ಜಾರಿತು. ಮೂವತ್ತು ವರ್ಷ ನೇಯ್ದವನ ಲಾಳಿ ಬಿದ್ದದ್ದನ್ನು ಮುತ್ತವ್ವ ನೋಡಿದಳು. ಅವಳೇ ಬಗ್ಗಿ ಲಾಳಿ ಎತ್ತಿ ಅವನ ಕೈಗೆ ಕೊಟ್ಟಳು.

ಖಟಕ್. ಧಪ್.

ಒಳಗಿನಿಂದ ಅನಸವ್ವನ ದನಿ ಬಂತು. "ನಮ್ಮಪ್ಪ ಏನಬೇ ಅದು?"

"ಹೂಂ, ನಿಮ್ಮಪ್ಪ," ಎಂದಳು ಲಗಮವ್ವ ಓಡಿಬಂದು.

ಅಲ್ಲಿಂದ ಮುಂದೆ ನೀಲಕಂಠಪ್ಪ ನೇಯ್ದದ್ದು ಸೀರೆಯಲ್ಲ. ಅವನು ಗೋಡೆಯ ಮೂಲಕ ಮಗಳ ಉಸಿರು ಕೇಳುತ್ತಿದ್ದ. ಉಸಿರು ಅವಸರವಾದರೆ ಕೈ ನಿಧಾನ ಮಾಡುತ್ತಿದ್ದ, ಅದಕ್ಕೆ ಅವಳ ಉಸಿರೂ ನಿಧಾನವಾಗುತ್ತಿತ್ತು. ಬೋರವ್ವ ಬೇಗನೆ ಗುಟ್ಟು ಹಿಡಿದಳು. "ಲಾಳಿ ಹೋಗೂಮುಂದ ತಗೋ, ಹಲಗಿ ಬಿದ್ದಾಗ ಬಿಡು. ಪೂರಾ ಬಿಡು. ಹಂಗ ನನ ಮಗಳ," ಎನ್ನುತ್ತ ಅದೇ ತಾಳಕ್ಕೆ ಟೊಂಕ ತಿಕ್ಕಿದಳು. ಅನಸವ್ವ ಮೊಣಕಾಲೂರಿ, ಹಗ್ಗ ಹಿಡಿದು, ಹಲಗೆ ಬಿದ್ದಾಗಲೊಮ್ಮೆ ಸೊಂಟ ತೂಗಿದಳು. ನೋವು ಇಲ್ಲವಾಗಲಿಲ್ಲ. ಅವಳ ಹಣೆಯಿಂದ ಬೆವರು ಹನಿಯುತ್ತಲೇ ಇತ್ತು. ಆದರೆ ಈಗ ಅವಳು ನೋವಿನ ಜೊತೆ ಹೋಗುತ್ತಿದ್ದಳು, ಅದನ್ನು ತಡೆದು ನಿಲ್ಲುತ್ತಿರಲಿಲ್ಲ. ಎರಡು ಬೇನೆಯ ನಡುವೆ ತಾಯಿಯ ಎದೆಗೆ ಒರಗಿದವಳಿಗೆ ಒಂದು ಕ್ಷಣ ಕಣ್ಣೂ ಹತ್ತಿತು.

"ಅಯ್ಯ, ಗೊರಕಿ ಹೊಡ್ಯಾಕತ್ತಾಳ," ಎಂದಳು ಬಾಗಿಲಲ್ಲಿ ಇಣುಕಿದ ಮುತ್ತವ್ವ. ಹಚ್ಚಡ ಇನ್ನೂ ಅವಳ ಎದೆಯ ಮೇಲೇ ಇತ್ತು. "ಇಂಥಾ ಬ್ಯಾನಿ ನಾ ಎಲ್ಲೂ ನೋಡಿಲ್ಲ."

"ಸುಮ್ಮ ನಿಂದ್ರ ಬೇ, ಇಲ್ಲಂದ್ರ ಆ ಹಚ್ಚಡ ನಿನ್ನ ಬಾಯಿಗೆ ಹಾಕಬೇಕಾಕ್ಕೈತಿ," ಎಂದಳು ಬೋರವ್ವ.

ಸೂರ್ಯ ಓಣಿಯ ಮಾಳಿಗೆಗಳ ಹಿಂದೆ ಇಳಿಯುವ ಹೊತ್ತಿಗೆ ಅನಸವ್ವನ ದನಿ ಬದಲಾಯಿತು. ಕೆಳದನಿಯ, ಭಾರ ಎತ್ತುವವರ ದನಿ. ಬೋರವ್ವ ಮುಂದೆ ಕೂತಳು. ಪಡಸಾಲೆಯಲ್ಲಿ ಹಲಗೆ ಬಿತ್ತು, ಲಾಳಿ ಓಡಿತು, ಹಲಗೆ ಬಿತ್ತು. ಕೂಸು ಬೋರವ್ವನ ಅಂಗೈಗೆ ಜಾರಿತು.

ಅಳಲಿಲ್ಲ.

ಬೋರವ್ವ ಕೂಸನ್ನು ಬೋರಲು ಮಾಡಿ ಬೆನ್ನು ಒರೆಸಿದಳು, ಬಾಯೊಳಗೆ ಬೆರಳಾಡಿಸಿ ಲೋಳೆ ತೆಗೆದಳು, ಪಾದಕ್ಕೆ ಚಟಕ್ಕನೆ ಒಂದೇಟು ಕೊಟ್ಟಳು. ಕೂಸು ಮುಖ ಸಿಂಡರಿಸಿತು. ಆಮೇಲೆ ಇಡೀ ಓಣಿಯ ಮೇಲೆ ಸಿಟ್ಟು ಬಂದ ಹಾಗೆ ಅತ್ತಿತು.

"ಹೆಣ್ಣ," ಎಂದಳು ಬೋರವ್ವ. "ಬಾಯಿ ಮಾತ್ರ ರಬಕವಿದು."

"ಮೂಗೂ ನಮ್ಮದ," ಎಂದಳು ಮುತ್ತವ್ವ ಒಳಗೆ ನುಗ್ಗಿ. ಹೊಕ್ಕುಳಬಳ್ಳಿ ಕೊಯ್ದ ಕೂಡಲೇ, ಕೈಗೆ ಬೇರೆ ಬಟ್ಟೆ ಸಿಗದೆ ಆ ಹಚ್ಚಡದಲ್ಲೇ ಕೂಸನ್ನು ಸುತ್ತಿ ಎತ್ತಿಕೊಂಡಳು. ಅನಸವ್ವ ಗೋಡೆಗೆ ಒರಗಿ ನಗುತ್ತಿದ್ದಳು, ಅಳುತ್ತಲೂ ಇದ್ದಳು. ಲಗಮವ್ವ ಅವಳ ಒದ್ದೆ ಕೂದಲನ್ನು ಹಣೆಯಿಂದ ಸರಿಸಿ, ಅವಳ ಅಂಗೈಗಳನ್ನು ತಿಕ್ಕುತ್ತ ಕೂತಳು.

ಮಾಸು ಬಿದ್ದು, ಕೂಸನ್ನು ತೊಳೆದು, ತಾಯಿಗೆ ಬಿಸಿನೀರು ಹಾಕಿ ಮಲಗಿಸಿದ ಮೇಲೆ ಲಗಮವ್ವನ ಕಿವಿಗೆ ಬಿತ್ತು. ಪಡಸಾಲೆಯಲ್ಲಿ ಮಗ್ಗ ಇನ್ನೂ ನಡೆದೇ ಇತ್ತು. ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ.

ಅವಳು ದೀಪ ಹಿಡಿದು ಬಂದಳು. ನೀಲಕಂಠಪ್ಪ ಕತ್ತಲಾಗುತ್ತಿದ್ದ ಪಡಸಾಲೆಯಲ್ಲಿ ಕಣ್ಣು ಮುಚ್ಚಿ ನೇಯುತ್ತಿದ್ದ. ಅಂಗಿ ಬೆನ್ನಿಗೆ ಅಂಟಿತ್ತು.

"ಸಾಕ್ರಿ," ಎಂದಳು. ಮುಂಜಾನೆ ಅಂದದ್ದೂ ಅದೇ ಮಾತು.

"ಕೂಸು?"

"ಅಷ್ಟ ಅತ್ತದ್ದು ಕೇಳಲಿಲ್ಲೇನ?"

"ಕೇಳಿತು. ಖರೆನೋ ಅಲ್ಲೋ ಅಂತ ಕೈ ಬಿಡಲಿಲ್ಲ."

"ಖರೆನ. ಹೆಣ್ಣ. ಇಬ್ರೂ ಛಲೋ ಅದಾರ."

ಅವನು ಹಲಗೆಯ ಮೇಲೆ ಹಣೆ ಊರಿದ. ಲಗಮವ್ವ ದೀಪವನ್ನು ಸೀರೆಯ ಹತ್ತಿರ ಹಿಡಿದಳು. ಬೇನೆಯ ಹೊತ್ತಿನ ನೇಯ್ಗೆ ಎಲ್ಲಿಂದ ಶುರುವಾಗಿದೆ ಎಂದು ಕುರುಡರೂ ಹೇಳಬಹುದಿತ್ತು. ಒಂದು ಬೆರಳಗಲ ಒತ್ತಾಗಿ, ಮುಂದಿನ ಬೆರಳಗಲ ಜರಡಿಯ ಹಾಗೆ ಸಡಿಲ, ಮತ್ತೆ ಒತ್ತು, ಮತ್ತೆ ಸಡಿಲ. ಅವಳು ಅದರ ಮೇಲೆ ಬೆರಳಾಡಿಸಿದಳು. ಮಗಳ ಬೆನ್ನಿನ ಮೇಲೆ ಕೈಯಿಟ್ಟಾಗಿನ ಬಿಗಿ, ಸಡಿಲವೇ ಬೆರಳಿಗೆ ಹತ್ತಿತು.

"ಇದನ್ನ ಯಾರೂ ತಗೊಳೂದಿಲ್ಲ," ಎಂದ ನೀಲಕಂಠಪ್ಪ. "ನಾಳಿ ಹೊಕ್ಕ ಬಿಚ್ಚಿ ತಗೀತೀನಿ."

"ಬಿಚ್ಚಬ್ಯಾಡ್ರಿ. ಇಷ್ಟ ಕತ್ತರಿಸಿ ಕೊಡ್ರಿ. ಕೂಸಿನ ತಲಿಗೆ ಕುಂಚಿಗಿ ಹೊಲೀತೇನಿ."

ಅವನು ಹೂಂ ಎಂದು ಕುಣಿಯಿಂದ ಮೇಲೆ ಬಂದು ಕಾಲು ಕೊಡವಿಕೊಂಡ. ಎರಡು ಹೆಜ್ಜೆ ಇಟ್ಟಿರಲಿಲ್ಲ, ಒಳಗೆ ಕೂಸು ಅಳಲು ಹತ್ತಿತು. ಸಮಾಧಾನ ಮಾಡುವ ಮುತ್ತವ್ವನ ದನಿ ಕೇಳಿತು, ಕೂಸಿನ ದನಿ ಅದಕ್ಕಿಂತ ಮೇಲೇರಿತು. ಕೊನೆಗೆ ಬೀಗತಿ ಬಾಗಿಲಿಗೆ ಬಂದಳು.

"ಯಾಕ ನಿಂತ್ರಿ ಬೀಗರ? ಇಷ್ಟೊತ್ತನಕ ಗುಮ್ಮಂತ ಮಲಗಿತ್ತು, ಎದ್ದಬಿಟ್ಟಿತು ನೋಡ್ರಿ. ಕುಂದರ್ರಿ, ಕುಂದರ್ರಿ."

ನೀಲಕಂಠಪ್ಪ ಹೆಂಡತಿಯ ಮುಖ ನೋಡಿದ.

"ಊಟ ಆಮ್ಯಾಲ," ಎಂದಳು ಲಗಮವ್ವ.

ಅವನು ನಕ್ಕು ಮತ್ತೆ ಕುಣಿಗೆ ಇಳಿದ. ಅವಳು ದೀಪವನ್ನು ಗೂಡಿನಲ್ಲಿಟ್ಟು, ಮುಂಜಾನೆ ಬಿಚ್ಚಿದ್ದ ತುರುಬನ್ನು ಕಟ್ಟಿಕೊಂಡು, ಮಗಳು ಅರ್ಧ ಸುತ್ತಿ ಬಿಟ್ಟಿದ್ದ ಕಂಡಿಕೆಯ ಮುಂದೆ ಕೂತು ರಾಟೆ ತಿರುಗಿಸಿದಳು.